ಸ್ಟೇರಿಂಗಿನ ಮೇಲೆ ಮೂರನೆಯ ಕೈ

ಹಳೆಯ ಗ್ರೀಸಿಗೆ ಒಂದು ವಾಸನೆ ಇದೆ. ಡಬ್ಬಿಯಿಂದ ಆಗತಾನೆ ತೆಗೆದ ಗ್ರೀಸಿಗೆ ಅದು ಇರುವುದಿಲ್ಲ. ವರ್ಷಗಟ್ಟಲೆ ರಬ್ಬರಿನೊಳಗೆ ಮುಚ್ಚಿಕೊಂಡು, ಧೂಳು ಕುಡಿದು, ಬಿಸಿಲಿಗೆ ಕಾದು ಕರ್ರಗಾದ ಗ್ರೀಸಿಗೆ ಮಾತ್ರ ಬರುವ ವಾಸನೆ. ಕಳೆದ ಭಾನುವಾರ ಬೆಳಗ್ಗೆ ಬಾಗಲಕೋಟೆಯ ವಿದ್ಯಾಗಿರಿಯ ನಮ್ಮ ಮನೆಯ ಅಂಗಳದಲ್ಲಿ ನನ್ನ ಹಳೆಯ ಕಾರಿನ ಎಡಗಾಲಿ ಬಿಚ್ಚಿ, ಸ್ಟೇರಿಂಗಿನ ರಾಡಿಗೆ ತೊಡಿಸಿದ್ದ ರಬ್ಬರ್ ಚೀಲವನ್ನು ಹಿಂದಕ್ಕೆ ಸರಿಸಿದ್ದೆ. ಆ ವಾಸನೆ ಮೂಗಿಗೆ ಬಡಿಯಿತು. ಕೈಯಲ್ಲಿದ್ದ, ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ಸುಮ್ಮನೆ ಕೂತುಬಿಟ್ಟೆ. ಸುಮ್ಮನೆ ಕೂತೆ ಅನ್ನುವುದೂ ಸುಳ್ಳು... ಎದ್ದೆ, ಕೈ ಒರೆಸಿಕೊಂಡೆ, ಗೇಟಿನವರೆಗೆ ಹೋಗಿ ಬಂದೆ, ಮತ್ತೆ ಕೂತೆ. ಇಳಕಲ್ಲಿನ ಆ ಪಕ್ಕದ ಮನೆಯ ಕಾಕಾ ನೆನಪಾದರೆ ನನಗೆ ಹೀಗೇ ಆಗುತ್ತದೆ. ಅವರನ್ನು ನೆಮ್ಮದಿಯಿಂದ ನೆನೆಯುವುದು ನನಗೆ ಇಂದಿಗೂ ಆಗಿಲ್ಲ.

ಆಗ ನಾನು ಹುನಗುಂದದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಇಳಕಲ್ಲಿನಲ್ಲಿ ಬಾಡಿಗೆ ಮನೆ ಹಿಡಿದು ಒಬ್ಬಳೇ ಇದ್ದೆ. ಓಣಿಯ ತುಂಬ ಮಗ್ಗಗಳು. ಬೆಳಗಾದರೆ ಎರಡೂ ಬದಿಯ ಮನೆಗಳಿಂದ ಟಕ್ ಟಕ್ ಸದ್ದು ಶುರುವಾಗುತ್ತಿತ್ತು. ಪಕ್ಕದ ಮನೆಯ ಕಾಕಾ ಬಸ್ಸಿನ ಡ್ರೈವರ್ ಆಗಿ ನಿವೃತ್ತರಾದವರು. ಓಣಿಗೆಲ್ಲ ಡ್ರೈವರ್ ಕಾಕಾ. ಅವರ ಹೆಂಡತಿ, ನಾನು ಕಾಕು ಎಂದು ಕರೆಯುತ್ತಿದ್ದ ಹೆಣ್ಣುಮಗಳು, ಆರೋಗ್ಯವಿದ್ದಾಗ ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದರಂತೆ. ನಾನು ನೋಡುವ ಹೊತ್ತಿಗೆ ಅವರ ಮುಖ ಊದಿಕೊಂಡಿತ್ತು, ಎಡಗೈಯ ನರ ಹಗ್ಗದ ಹಾಗೆ ಉಬ್ಬಿತ್ತು. ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ರಕ್ತ ಶುದ್ಧ ಮಾಡಿಸಲು ಬಾಗಲಕೋಟೆಯ ದವಾಖಾನೆಗೆ ಹೋಗಬೇಕಿತ್ತು. ಅದಕ್ಕೆಂದೇ ಕಾಕಾ ಒಂದು ಹಳೆಯ ಬಿಳಿ ಕಾರು ಕೊಂಡಿದ್ದರು.

ಮೂವತ್ತು ವರ್ಷ ಬಸ್ಸು ಓಡಿಸಿ ಒಂದು ನಾಯಿಗೂ ಗಾಲಿ ತಾಗಿಸದವರು ಎಂದು ಓಣಿಯವರು ಹೇಳುತ್ತಿದ್ದರು. ಅವರು ಮಾತ್ರ ಅದನ್ನು ಎಂದೂ ಹೇಳಿಕೊಂಡವರಲ್ಲ. ಆ ಎರಡು ದಿನ ನನ್ನನ್ನೂ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹುನಗುಂದದ ಶಾಲೆಯ ಹತ್ತಿರ ಇಳಿಸಿ ಮುಂದೆ ಹೋಗುತ್ತಿದ್ದರು. "ದಾರ್ಯಾಗ ಹತ್ತೂದು ದಾರ್ಯಾಗ ಇಳಿಯೂದು, ಇದರಾಗ ನಮಗೇನ್ ತ್ರಾಸು ಅಕ್ಕೋರ?" ಎನ್ನುತ್ತಿದ್ದರು. ಶಾಲೆಯ ಅಕ್ಕೋರು ಎಂಬ ಗೌರವ ನನಗೆ ಅವರಿಂದ ಸದಾ ಸಿಗುತ್ತಿತ್ತು, ನಾನು ಅವರ ಮಗಳಿಗಿಂತ ಸಣ್ಣವಳಾದರೂ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಕಾರಿನಲ್ಲಿ ಒಂದು ಸದ್ದು ಹುಟ್ಟಿಕೊಂಡಿತು. ಕೆಟ್ಟ ರಸ್ತೆ ಬಂದರೆ ಎಡಗಡೆಯಿಂದ ಟಕ್ ಟಕ್. ನಮ್ಮ ಓಣಿಯ ಮಗ್ಗದ ಸದ್ದು ಕಾರಿನೊಳಗೇ ಬಂದು ಕೂತಂತಿತ್ತು. ಸ್ಟೇರಿಂಗಿನ ಚಕ್ರವೂ ಅದುರುತ್ತಿತ್ತು. ಗ್ಯಾರೇಜಿನವರೊಬ್ಬರು ನೋಡಿ, ಸ್ಟೇರಿಂಗಿನ ಇಡೀ ಜೋಡಣೆ ಬದಲಿಸಬೇಕು, ಗಾಡಿ ಒಂದು ವಾರ ಬಿಟ್ಟುಹೋಗಿ ಎಂದರಂತೆ. ಒಂದು ವಾರ ಬಿಟ್ಟರೆ ಎರಡು ಸಲದ ದವಾಖಾನೆ ತಪ್ಪುತ್ತದೆ. ಕಾಕಾ ಸಿಟ್ಟಿನಿಂದಲೇ ಮನೆಗೆ ಬಂದರು.

"ಒಂದು ಬುಷ್ ಸವದೈತಿ, ಅಷ್ಟ. ಬೆರಳಿಗೆ ಹಾಕ್ಕೊಳ್ಳೂ ಉಂಗುರದಷ್ಟು ಸಾಮಾನು. ಅದಕ್ಕ ಇಡೀ ಸ್ಟೇರಿಂಗ್ ಬಿಚ್ಚಿ ಒಗಿ ಅಂತಾನ," ಎಂದರು.

ಬುಷ್ಶನ್ನು ಮನೆಯಲ್ಲೇ ಬದಲಿಸುವುದೆಂದು ನಿಶ್ಚಯವಾಯಿತು. ಭಾನುವಾರ ಬೆಳಗ್ಗೆ. ಆದರೆ ಕೆಲಸಕ್ಕೆ ಕೂತಾಗ ಅವರು ಪಾನಾ ನನ್ನ ಕೈಗೆ ಕೊಟ್ಟರು. "ನನ್ನ ಟೊಂಕ ಬಗ್ಗೂದಿಲ್ರಿ. ನೀವು ವಿಜ್ಞಾನದವರು, ನಾ ಹೇಳ್ತೇನಿ, ನೀವು ಮಾಡ್ರಿ."

ನನಗೆ ಖುಷಿಯಾಗಿತ್ತು. ರಾಟೆ, ಸನ್ನೆಗೋಲು ಎಂದು ಕಪ್ಪು ಹಲಗೆಯ ಮೇಲೆ ಬರೆದವಳೇ ಹೊರತು ಒಂದು ಬೋಲ್ಟನ್ನೂ ಬಿಚ್ಚಿದವಳಲ್ಲ. ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಜ್ಯಾಕ್ ಹಚ್ಚಿ, ಅದನ್ನೇ ನಂಬಬಾರದೆಂದು ಕೆಳಗೆ ಹುಣಸೆ ಕಟ್ಟಿಗೆಯ ದಿಮ್ಮಿ ಇರಿಸಿದೆವು. ಗಾಲಿ ಬಿಚ್ಚಿದೆ. ರಾಡಿನ ತುದಿಯ ನಟ್ಟು ತೆಗೆದು, ಅದು ಕೂತಿದ್ದ ಕಬ್ಬಿಣದ ಪಕ್ಕಕ್ಕೆ ಸುತ್ತಿಗೆಯಿಂದ ಹೊಡೆದೆ. ಮೊದಲ ಏಟಿಗೆ ಬರಲಿಲ್ಲ, ಐದನೆಯದಕ್ಕೂ ಬರಲಿಲ್ಲ. "ಹೆದರಿಕೋತ ಹೊಡದ್ರ ಅದೂ ಹೆದರಿ ಹಿಡಕೊಂಡು ಕುಂದರ್ತೈತಿ," ಎಂದರು ಕಾಕಾ. ಕಣ್ಣು ಮುಚ್ಚಿ ಹೊಡೆದೆ, ಟಣ್ ಎಂದು ಬಿಟ್ಟುಬಂತು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡಿದ್ದ ಕಾಕು ನಕ್ಕರು.

ರಬ್ಬರ್ ಚೀಲ ಸರಿಸಿ, ಒಳಗಿನ ಕೀಲು ತಿರುಗಿಸಿ ತೆಗೆದು, ಬಗ್ಗಿಸಿದ ತಂತಿಯಿಂದ ಬುಷ್ಶನ್ನು ಎಳೆಯುವ ಹೊತ್ತಿಗೆ ಬಿಸಿಲು ಅಂಗಳ ತುಂಬಿತ್ತು. ಹೊರಗೆ ಬಂದದ್ದು ಒಂದು ಪ್ಲಾಸ್ಟಿಕ್ ಬಳೆ. ಒಂದು ಕಡೆ ಸವೆದು ಉಗುರಿನಷ್ಟು ತೆಳುವಾಗಿತ್ತು. ಅದನ್ನು ಕಾಕಾರ ಮುಂದೆ ಹಿಡಿದೆ. ಅವರು ಕೈಗೆ ತೆಗೆದುಕೊಳ್ಳಲಿಲ್ಲ, ಬಾಗಿ ನೋಡಿದರು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಇದ್ದರು. ಬೆಳಗಿನಿಂದಲೂ ಹಾಗೇ ಇದ್ದರು. ಪಾಠ ಹೇಳುವವರ ಠೀವಿ ಅಂದುಕೊಂಡೆ... ಎಷ್ಟು ಹತ್ತಿರದಿಂದ ನೋಡಿದ್ದೆ, ಆದರೂ ತಿಳಿಯಲಿಲ್ಲ.

ಹೊಸ ಬುಷ್ಶಿಗೆ ಗ್ರೀಸು ಹಚ್ಚಿ, ಅದರ ಮೂರು ಹಲ್ಲುಗಳು ಸರಿಯಾದ ಕಿಂಡಿಯಲ್ಲಿ ಕೂರುವವರೆಗೆ ಒತ್ತಿ, ಎಲ್ಲ ಮತ್ತೆ ಜೋಡಿಸಿದೆ. ಕಾಕಾ ಒಂದೊಂದು ಬೋಲ್ಟನ್ನೂ ಎರಡೆರಡು ಸಲ ಬಿಗಿ ಮಾಡಿಸಿದರು. ಆಮೇಲೆ ಒಂದು ಸುತ್ತು ಹೋಗಿಬಂದೆವು. ಒಡೆದ ಡಾಂಬರಿನ ಮೇಲೂ ಕಾರು ಸದ್ದಿಲ್ಲದೆ ಓಡಿತು. ಅವರ ಮುಖ ಅರಳಿತು. ನಾನೋ, ಮಕ್ಕಳ ಮುಂದೆ ಹೇಳಿಕೊಳ್ಳಲು ಸೋಮವಾರ ಯಾವಾಗ ಬಂದೀತು ಎಂದು ಕಾಯುತ್ತಿದ್ದೆ.

ಮಂಗಳವಾರ ಎಂದಿನಂತೆ ಹಿಂದಿನ ಸೀಟಿನಲ್ಲಿ ಕೂತೆ. ಕಾರು ಹೆದ್ದಾರಿ ಹತ್ತಿತು. ಟಕ್ ಟಕ್ ಇಲ್ಲ, ಅದುರುವಿಕೆಯೂ ಇರಬಾರದು. ಅಷ್ಟರಲ್ಲಿ ಎಡಗಡೆ ಕೂತಿದ್ದ ಕಾಕೂನ ಬಲಗೈ ಸೆರಗಿನಡಿಯಿಂದ ಹೊರಬಂತು. ಮೆಲ್ಲಗೆ ಹೋಗಿ ಸ್ಟೇರಿಂಗಿನ ಚಕ್ರದ ಮೇಲೆ ಕೂತಿತು. ಕಾಕಾರ ಎರಡು ಕೈ, ಅವುಗಳ ಪಕ್ಕದಲ್ಲಿ ಹಸಿರು ಬಳೆಯ ಮೂರನೆಯ ಕೈ. ಇದು ಇಂದು ಶುರುವಾದದ್ದಲ್ಲ ಎಂದು ನೋಡಿದರೇ ತಿಳಿಯುವಷ್ಟು ಸಲೀಸಾಗಿ ಅದು ಅಲ್ಲಿ ಕೂತಿತ್ತು. ಅಷ್ಟು ದಿನ ಹಿಂದೆ ಕೂತು ಪಾಠದ ಪುಸ್ತಕ ನೋಡುತ್ತಿದ್ದ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ನಾನು ಸರಿದು ಕೂತು ನೋಡಿದೆ. ಕಾಕಾರ ಬೆರಳುಗಳು ನಡುಗುತ್ತಿದ್ದವು. ಸ್ಟೇರಿಂಗ್ ಗಟ್ಟಿಯಾಗಿತ್ತು, ನಾನೇ ಬಿಗಿ ಮಾಡಿದ್ದೆ. ನಡುಗುತ್ತಿದ್ದದ್ದು ಕೈಗಳು.

ತಲೆಯೆತ್ತಿದಾಗ ಕನ್ನಡಿಯಲ್ಲಿ ಕಾಕಾರ ಕಣ್ಣು ನನ್ನನ್ನೇ ನೋಡುತ್ತಿತ್ತು.

ಅಂದು ಸಂಜೆ ಕಾಕು ನನ್ನನ್ನು ಕರೆದರು. ದವಾಖಾನೆಯಿಂದ ಬಂದ ದಿನ ಅವರಿಗೆ ಎದ್ದು ಕೂರಲೂ ಆಗುತ್ತಿರಲಿಲ್ಲ. ಮಲಗಿದ್ದಲ್ಲಿಂದಲೇ ಕೇಳಿದರು.

"ನೀವು ನೋಡಿದ್ರಿ, ಹೌದಲ್ಲ ಅಕ್ಕೋರ?"

"ಹೌದ್ರಿ ಕಾಕು."

"ಯಾರ ಮುಂದೂ ಆಡಬ್ಯಾಡ್ರಿ. ಮಗಳಿಗೆ ಗೊತ್ತಾತಂದ್ರ ಗಾಡಿ ಬಿಡಸ್ತಾಳ. ಗಾಡಿ ಬಿಡಿಸಿದ್ರ ಅವರು ಉಳಿಯೂದಿಲ್ಲ."

"ದಾರ್ಯಾಗ ಏನರ ಆದ್ರ ಏನ್ ಮಾಡ್ತೀರಿ?"

"ನನ್ನ ಕೈ ಐತೆಲ್ಲ," ಎಂದರು ಕಾಕು. ಆ ಮಾತಿನಲ್ಲಿ ನಗೆಯಿರಲಿಲ್ಲ. ನಿಜಕ್ಕೂ ಹಾಗೇ ನಂಬಿದ್ದರು.

ಹೇಳುವುದಿಲ್ಲ ಎಂದು ಮಾತು ಕೊಟ್ಟು ಬಂದೆ. ಮಾತು ಕೊಟ್ಟ ಮೇಲೆ ನಾನು ಮಾಡಿದ ಮೊದಲ ಕೆಲಸವೆಂದರೆ, ಶಾಲೆಗೆ ಬೇಗ ಹೋಗಬೇಕಿದೆ ಎಂದು ನೆವ ಹೇಳಿ ಬಸ್ಸು ಹತ್ತಿದ್ದು. ಆ ಕಾರಿನಲ್ಲಿ ಮತ್ತೆ ಕೂರಲು ನನಗೆ ಧೈರ್ಯವಾಗಲಿಲ್ಲ. ನನ್ನ ಜೀವ ನಾನು ಉಳಿಸಿಕೊಂಡೆ, ಅವರಿಬ್ಬರನ್ನು ರಸ್ತೆಯ ಮೇಲೆ ಬಿಟ್ಟೆ. ಮಂಗಳವಾರ, ಶುಕ್ರವಾರ ಬಂದರೆ ತರಗತಿಯಲ್ಲಿ ಒಂದು ಕಡೆ ನಿಲ್ಲಲಾಗುತ್ತಿರಲಿಲ್ಲ. ಬರೆದದ್ದನ್ನೇ ಅಳಿಸಿ ಮತ್ತೆ ಬರೆಯುತ್ತಿದ್ದೆ. ಸಂಜೆ ಓಣಿಯ ತಿರುವಿನಲ್ಲಿ ಬಿಳಿ ಕಾರು ಕಾಣುವವರೆಗೆ ಒಳಗೆ ಹೊರಗೆ ಓಡಾಡುತ್ತಿದ್ದೆ. ಕಾರು ಬಂದು ನಿಂತು, ಇಬ್ಬರೂ ಇಳಿದರೆ ಒಳಗೆ ಹೋಗಿ ನೀರು ಕುಡಿಯುತ್ತಿದ್ದೆ.

ಹೀಗೇ ಒಂದೂವರೆ ತಿಂಗಳು. ಒಂದು ಶುಕ್ರವಾರ ನನ್ನ ತರಗತಿಯ ಇಬ್ಬರು ಹುಡುಗಿಯರು ತಡವಾಗಿ ಬಂದರು. ಇಬ್ಬರ ಲಂಗಕ್ಕೂ ಮಣ್ಣು, ಒಬ್ಬಳ ಮೊಣಕೈ ತರಚಿತ್ತು. ಪಕ್ಕದ ಹಳ್ಳಿಯಿಂದ ಹೆದ್ದಾರಿಯ ಅಂಚಿಗೆ ಸೈಕಲ್ಲು ಹೊಡೆದುಕೊಂಡು ಬರುವ ಮಕ್ಕಳು.

"ಏನಾತ?" ಎಂದೆ.

"ಒಂದು ಬಿಳಿ ಕಾರು ಪೂರಾ ಅಂಚಿಗೇ ಬಂತ್ರಿ ಟೀಚರ್. ನಾವು ಹೊಲದಾಗ ಬಿದ್ವಿ," ಎಂದು ತರಚಿಕೊಂಡವಳು ನಗುತ್ತಲೇ ಹೇಳಿದಳು. "ಒಬ್ರು ಅಜ್ಜಾರು ಇಳದು ಬಂದು ಕೈ ಮುಗದ್ರು ನೋಡ್ರಿ, ನಮಗ ನಾಚಿಕಿ ಬಂತು!"

ಅವರಿಗೆ ಅದು ನಗುವ ವಿಷಯವಾಗಿತ್ತು. ನಾನು ಮಧ್ಯಾಹ್ನದ ಬಿಡುವಿನಲ್ಲಿ ಶಾಲೆಯ ಬೇವಿನ ಮರದಡಿ ನಿಂತು ಬಾದಾಮಿಗೆ ಫೋನ್ ಮಾಡಿದೆ. ಕಾಕಾರ ಒಬ್ಬಳೇ ಮಗಳು ಅಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದಳು. ಎರಡು ಸಲ ಫೋನ್ ಹಚ್ಚಿ, ಅದು ರಿಂಗಾಗುವ ಮೊದಲೇ ಕಟ್ ಮಾಡಿದೆ. ಮೂರನೆಯ ಸಲ ಎಲ್ಲ ಹೇಳಿದೆ.

ಅವಳು ಮರುದಿನ ಬೆಳಗಿನ ಬಸ್ಸಿಗೇ ಬಂದಳು. ಕೂಗಾಡಲಿಲ್ಲ. ನಡುಮನೆಯಲ್ಲಿ ಅಪ್ಪನ ಎದುರು ನಿಂತು, "ಅಪ್ಪಾ, ಕೈ ಮುಂದ ಮಾಡು," ಎಂದಳು. ನಾನೂ ಬಾಗಿಲಲ್ಲಿದ್ದೆ. ಕಾಕಾ ಬೆನ್ನ ಹಿಂದಿನ ಕೈಗಳನ್ನು ಮುಂದೆ ತಂದರು. ಹೆಬ್ಬೆರಳು ತೋರುಬೆರಳನ್ನು ತಿಕ್ಕುತ್ತ, ಬತ್ತಿ ಹೊಸೆಯುವವರ ಬೆರಳುಗಳಂತೆ ಅವು ತಮ್ಮಷ್ಟಕ್ಕೆ ಆಡುತ್ತಿದ್ದವು. ಸ್ವಲ್ಪ ಹೊತ್ತು ಅವರೂ ಅವುಗಳನ್ನೇ ನೋಡಿದರು, ಬೇರೆ ಯಾರದೋ ಕೈಗಳನ್ನು ನೋಡಿದ ಹಾಗೆ. ಮಗಳು ಗೂಟದ ಮೇಲಿನ ಕಾರಿನ ಚಾವಿ ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು. "ಅಕ್ಕೋರು ಫೋನ್ ಮಾಡಿದ್ದಕ್ಕ ಗೊತ್ತಾತು. ಇಲ್ಲಂದ್ರ ನೀವಿಬ್ರೂ ಒಂದಿನ..." ಎಂದು ಅಳತೊಡಗಿದಳು.

ಕಾಕು ನನ್ನ ಕಡೆ ನೋಡಲೇ ಇಲ್ಲ. ಕಾಕಾ ಒಮ್ಮೆ ನೋಡಿದರು. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಕಾಕೂನನ್ನು ಬಾದಾಮಿಗೆ ಕರೆದುಕೊಂಡು ಹೋಗುವುದೆಂದು ತೀರ್ಮಾನವಾಯಿತು. ಅಲ್ಲಿಂದ ಬಾಗಲಕೋಟೆಗೆ ರೈಲಿದೆ, ಜೊತೆಗೆ ಹೋಗಲು ಅಳಿಯನಿದ್ದ. ಕಾಕಾರನ್ನೂ ಬಾ ಎಂದು ಮಗಳು ಬಹಳ ಕರೆದಳು. "ನಾ ಇಲ್ಲೇ ಇರ್ತೇನಿ," ಎಂದರು ಕಾಕಾ, ಅಷ್ಟೇ. ಹೊರಡುವಾಗ ಕಾಕು ಅವರ ಅಂಗಿಯ ಗುಂಡಿ ಹಾಕಿದರು. ದಿನವೂ ಗುಂಡಿ ಹಾಕುತ್ತಿದ್ದದ್ದು ಕಾಕು ಎಂಬುದು ನನಗೆ ಆಗ ತಿಳಿಯಿತು. ಮರುದಿನದಿಂದ ಕಾಕಾ ಗುಂಡಿಯಿಲ್ಲದ, ತಲೆಯ ಮೇಲಿಂದ ಹಾಕಿಕೊಳ್ಳುವ ಬನಿಯನ್ನಿನಲ್ಲೇ ಓಡಾಡತೊಡಗಿದರು.

ಮೂರು ವಾರ ನನ್ನೊಡನೆ ಮಾತಿಲ್ಲ. ನಾನು ಭಕ್ಕರಿ ಒಯ್ದುಕೊಟ್ಟರೆ ತೆಗೆದುಕೊಳ್ಳುತ್ತಿದ್ದರು, ತಾಟು ತೊಳೆದು ಕಟ್ಟೆಯ ಮೇಲೆ ಇಡುತ್ತಿದ್ದರು. ಮಂಗಳವಾರ, ಶುಕ್ರವಾರ ಬೆಳಗ್ಗೆ ಮಾತ್ರ ಕಾರಿನ ಬಾಗಿಲು ತೆಗೆದ ಸದ್ದು ಕೇಳುತ್ತಿತ್ತು. ಕಿಟಕಿಯಿಂದ ನೋಡುತ್ತಿದ್ದೆ. ಡ್ರೈವರ್ ಸೀಟಿನಲ್ಲಿ, ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು, ಕಾರು ನಿಂತಲ್ಲೇ ನಿಂತಿರುವಾಗ ಮುಂದೆ ನೋಡುತ್ತ ಕೂತಿರುತ್ತಿದ್ದರು. ಒಂದು ತಾಸಾದ ಮೇಲೆ ಇಳಿದು ಒಳಗೆ ಹೋಗುತ್ತಿದ್ದರು. ನಾನು ಬಸ್ಸು ತಪ್ಪಿಸಿಕೊಂಡು, ಮುಂದಿನದನ್ನು ಹಿಡಿದು ತಡವಾಗಿ ಶಾಲೆ ಮುಟ್ಟುತ್ತಿದ್ದೆ.

ಒಂದು ಭಾನುವಾರ ಅವರೇ ಬಂದು ನನ್ನ ಬಾಗಿಲಲ್ಲಿ ನಿಂತರು.

"ಅಕ್ಕೋರ, ನಿಮಗ ಗಾಡಿ ಹೊಡಿಯಾಕ ಬರ್ತೈತೇನ್ರಿ?"

"ಇಲ್ರಿ ಕಾಕಾ."

"ಬಿಚ್ಚಾಕ ಬರ್ತೈತಿ, ಹೊಡಿಯಾಕ ಬರೂದಿಲ್ಲ. ಎಂಥಾ ಮೇಸ್ತ್ರಿ ನೀವು?" ಎಂದು ಕಿಸೆಯಿಂದ ಒಂದು ಚಾವಿ ತೆಗೆದರು. ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು, "ಮಗಳು ಒಂದ ಒಯ್ದಾಳ. ಇದು ಎರಡನೇದು. ನನ್ನ ಕಿಸೆದಾಗ ಇತ್ತು. ಚಾಲೂ ಮಾಡಿಲ್ಲ, ಒಂದಿನಾನೂ," ಎಂದರು.

ಊರ ಹೊರಗೆ, ಗ್ರಾನೈಟ್ ಕಲ್ಲು ಕೊಯ್ಯುವಲ್ಲಿ ಒಂದು ಬಯಲಿತ್ತು. ಅಲ್ಲಿಯವರೆಗೆ ಕಾರು ಒಯ್ದುಕೊಟ್ಟವನು ಓಣಿಯ ಇನ್ನೊಬ್ಬ ಡ್ರೈವರ್. ಪ್ರತಿ ಭಾನುವಾರ ಕಾಕಾ ಕಲಿಸಿದರು. ಬಸ್ಸಿನವರ ಗಂಟಲು ಅವರದು. "ಕಣ್ಣು ರಸ್ತಾದ ಮ್ಯಾಲಿರಲಿ! ಬಾನೆಟ್ ಮ್ಯಾಲೆ ಏನ್ ನೋಡ್ತಿ?" ಎಂದು ಗದರುವಾಗ ನಾನು ಅಕ್ಕೋರು ಎಂಬುದನ್ನು ಮರೆತಿದ್ದರು. ಆ ದಿನದಿಂದ ನಾನು ಅವರಿಗೆ ತಂಗಿಯಾದೆ, 'ನೀ' ಆದೆ. ಆದರೂ ಫೋನಿನ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಲೈಸೆನ್ಸ್ ಬಂದ ಮೇಲೆ ಮೊದಲು ಓಡಿಸಿದ್ದು ಬಾದಾಮಿಗೆ. ಕಾಕಾ ಹಿಂದೆ ಕೂತರು. ಬರುವಾಗ ಕಾಕೂನನ್ನು ಎರಡು ದಿನದ ಮಟ್ಟಿಗೆ ಇಳಕಲ್ಲಿಗೆ ಕರೆತರುವುದಿತ್ತು. ಕಾಕು ನನ್ನ ಪಕ್ಕದ ಸೀಟಿನಲ್ಲಿ ಕೂತು ಹಿಂದೆ ತಿರುಗಿ, "ನೀವು ಹಿಂದ ಕುಂತೀರೇನ್ರಿ? ಇದೊಂದು ನೋಡೂದು ಉಳದಿತ್ತು," ಎಂದು ನಕ್ಕರು. ಅವರ ಧ್ವನಿ ಸಣ್ಣಗಾಗಿತ್ತು. ಐಹೊಳೆ ದಾಟಿ ಜೋಳದ ಹೊಲಗಳ ನಡುವೆ ತಿರುವುಗಳು ಬಂದವು. ಎರಡನೆಯ ತಿರುವಿಗೆ ಕಾಕೂನ ಬಲಗೈ ಎದ್ದು ಸ್ಟೇರಿಂಗಿನ ಮೇಲೆ ಬಂತು. ಬಂದ ಮೇಲೆ ಅವರಿಗೇ ತಿಳಿದು ಹಿಂದಕ್ಕೆ ಎಳೆದುಕೊಳ್ಳಹೋದರು.

"ಇರಲಿ ಬಿಡ್ರಿ ಕಾಕು," ಎಂದೆ.

"ರೂಢಿ ಆಗೇತಿ," ಎಂದರು. ಕೈ ಮಾತ್ರ ತೆಗೆಯಲಿಲ್ಲ. ಅಮೀನಗಡದವರೆಗೆ ಆ ಕೈ ಅಲ್ಲೇ ಇತ್ತು. ಅದಕ್ಕೆ ಭಾರವೇ ಇರಲಿಲ್ಲ. ನಾನು ಕನ್ನಡಿ ನೋಡಲಿಲ್ಲ.

ಆ ಬೇಸಿಗೆ ಮುಗಿಯುವ ಮೊದಲೇ ಕಾಕು ಬಾದಾಮಿಯಲ್ಲಿ ತೀರಿಕೊಂಡರು. ಅಷ್ಟು ದಿನ ಉಳಿದದ್ದೇ ಹೆಚ್ಚು ಎಂದು ಡಾಕ್ಟರು ಹೇಳಿದರಂತೆ. ಇದ್ದಿರಬಹುದು. ಆದರೆ ಕಡೆಯ ತಿಂಗಳುಗಳನ್ನು ಅವರಿಬ್ಬರೂ ಬೇರೆ ಬೇರೆ ಊರಲ್ಲಿ ಕಳೆದರು. ಹಾಗೆ ಮಾಡಿದ್ದು ನನ್ನ ಒಂದು ಫೋನು. ಹೊಲಕ್ಕೆ ಬಿದ್ದು ನಗುತ್ತ ಬಂದ ಆ ಇಬ್ಬರು ಹುಡುಗಿಯರನ್ನು ನೆನೆದರೆ ಮಾಡಿದ್ದು ಸರಿ ಎನಿಸುತ್ತದೆ. ಅಂಗಿಯ ಗುಂಡಿ ಹಾಕುತ್ತಿದ್ದ ಕಾಕೂನನ್ನು ನೆನೆದರೆ... ಎರಡನ್ನೂ ಒಟ್ಟಿಗೆ ನೆನೆಯಲು ನನಗೆ ಆಗುವುದಿಲ್ಲ. ಒಂದನ್ನು ನೆನೆದು ಕೂತರೆ ಇನ್ನೊಂದು ಬಂದು ನನ್ನನ್ನು ಎಬ್ಬಿಸುತ್ತದೆ.

ಕಾಕಾ ಆಮೇಲೆ ಮಗಳ ಮನೆಗೇ ಹೋದರು. ನನಗೆ ಬಾಗಲಕೋಟೆಗೆ ವರ್ಗವಾಯಿತು. ಕೊನೆಯ ಸಲ ನೋಡಿದ್ದು ಬಾದಾಮಿಯಲ್ಲಿ, ಮಗಳ ಅಂಗಡಿಯ ಮುಂದಿನ ಬೆಂಚಿನ ಮೇಲೆ. ಕೈಗಳನ್ನು ತೊಡೆಗಳ ಕೆಳಗೆ ಇಟ್ಟುಕೊಂಡು ಕೂತಿದ್ದರು. ರಸ್ತೆಯಲ್ಲಿ ಹೋಗುವ ಗಾಡಿಗಳನ್ನು ನೋಡದೆ, ಬರೀ ಸದ್ದು ಕೇಳಿ, ಇದರ ಬ್ರೇಕು ಸವೆದಿದೆ, ಅದರ ಗಾಲಿ ಸಡಿಲಾಗಿದೆ ಎಂದು ಹೇಳುತ್ತಿದ್ದರು. ಅಷ್ಟು ವರ್ಷ ಬಾಯಿಗೆ ಬಾರದ ಮಾತನ್ನು ಅಂದು ಕೇಳಿದೆ.

"ಕಾಕಾ, ನಾ ಫೋನ್ ಮಾಡಿದ್ದು ತಪ್ಪಾತೇನ್ರಿ?"

ಎರಡು ಟ್ರ್ಯಾಕ್ಟರ್ ಹೋದವು.

"ರಸ್ತಾದ ಮ್ಯಾಲಿನ ಮಂದಿಗೆ ಛಲೋ ಆತು," ಎಂದರು. ಆಮೇಲೆ, "ನನಗೇನಾತು ಅಂತ ಕೇಳಬ್ಯಾಡ ತಂಗಿ," ಎಂದರು. ಅಷ್ಟು ಹೇಳಿ, ನನಗೂ ಚಹಾ ತರುವಂತೆ ಮಗಳಿಗೆ ಕೂಗಿ ಹೇಳಿದರು. ಚಹಾ ಕುಡಿದೆವು. ಅವರ ಬಟ್ಟಲನ್ನು ಮಗಳು ಹಿಡಿದಿದ್ದಳು.

ಅವರು ಹೋದ ಸುದ್ದಿ ನನಗೆ ತಲುಪಿದ್ದು ಮೂರನೆಯ ದಿನಕ್ಕೆ. ಮುಖ ನೋಡಲೂ ಆಗಲಿಲ್ಲ.

ಕಳೆದ ಭಾನುವಾರ ನನ್ನ ಕಾರಿನ ಕೆಲಸ ಮಧ್ಯಾಹ್ನಕ್ಕೆ ಮುಗಿಯಿತು. ಒಂದು ಸುತ್ತು ಹೋಗಿ ಬರೋಣವೆಂದು ಹೊರಟೆ. ನವನಗರದಲ್ಲಿ ತಿರುಗಿ ಮನೆಗೆ ಬರಬೇಕಿತ್ತು, ಬರಲಿಲ್ಲ. ಅಮೀನಗಡ ಬಂತು, ಹುನಗುಂದ ಬಂತು, ನಿಲ್ಲಿಸಲು ಮನಸ್ಸಾಗಲಿಲ್ಲ. ಇಳಕಲ್ಲಿನ ಆ ಓಣಿಯಲ್ಲಿ ಹೋಗಿ ನಿಂತಾಗ ನಾಲ್ಕು ಗಂಟೆ. ಕಾಕಾರ ಮನೆಗೆ ಹೊಸ ಬಣ್ಣ, ಹೊಸ ಬಾಗಿಲು. ಎದುರು ಎಷ್ಟು ಹೊತ್ತು ನಿಂತಿದ್ದೆನೋ, ಒಳಗಿನಿಂದ ಒಬ್ಬ ಹೆಣ್ಣುಮಗಳು ಹೊರಗೆ ಬಂದಳು.

"ಯಾರ್ ಬೇಕಾಗಿತ್ರಿ?"

"ಇಲ್ಲಿ ಡ್ರೈವರ್ ಕಾಕಾ ಅಂತ ಇದ್ರು..."

"ಅವರು ಹೋಗಿ ಭಾಳ ವರ್ಷ ಆತಲ್ರಿ. ನಿಮಗ ಗೊತ್ತಾಗ್ಲಿಲ್ಲೇನು?"

"ಗೊತ್ತೈತ್ರಿ," ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಗೊತ್ತಿದ್ದೂ ಯಾಕೆ ಬಂದಿರಿ ಎಂದು ಕೇಳಲಿಲ್ಲ. "ಬಿಸಲಾಗ ಬಂದೀರಿ, ಕುಂದರ್ರಿ," ಎಂದು ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದಳು. ಕಟ್ಟೆಯ ಮೇಲೆ ಕೂತೆ. ಅಂದು ಬೆಳಗಿನಿಂದ ನಾನು ಒಂದು ಕಡೆ ಕೂತದ್ದು ಅದೇ ಮೊದಲು.